ಬಣ್ಣ ಹೋದ ಮೇಲೆ ಉಳಿಯುವುದು

ಕೃತಕ ಬಣ್ಣ ಜೀವಿಯ ಮೈಯೊಳಗೆ ಮುರಿಯುತ್ತದೆ ಎಂಬುದನ್ನು ಸ್ಪಷ್ಟವಾಗಿ ತೋರಿಸಿದ್ದು ಜವಳಿಯವರಲ್ಲ, ಔಷಧದವರು. ಜರ್ಮನಿಯ ಡೊಮಾಕ್ ಪರೀಕ್ಷಿಸಿದ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣ ಇಲಿಗಳ ಸೋಂಕನ್ನು ವಾಸಿಮಾಡುತ್ತಿತ್ತು, ಗಾಜಿನ ನಳಿಕೆಯಲ್ಲಿ ಮಾತ್ರ ಸುಮ್ಮನಿರುತ್ತಿತ್ತು. 1935ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯವರು ಗುಟ್ಟು ಬಿಡಿಸಿದರು: ದೇಹದೊಳಗೆ ಬಣ್ಣ ಮುರಿದು ಸಲ್ಫಾನಿಲಮೈಡ್ ಹೊರಬರುತ್ತದೆ. ಈ ಕೆಲಸದಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಕೈವಾಡವಿದೆ ಎಂಬುದು ಆಮೇಲೆ ತಿಳಿಯಿತು. ಮುರಿಯುವುದು ಎರಡು ನೈಟ್ರೊಜನ್ ಪರಮಾಣುಗಳ ನಡುವಿನ ಅಜೋ ಕೊಂಡಿ. ಬಟ್ಟೆಯ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಕೊಂಡಿಯವೇ.

1956ರಲ್ಲಿ ಹತ್ತಿಗೆ ಗಟ್ಟಿಯಾಗಿ ಅಂಟುವ ರಿಯಾಕ್ಟಿವ್ ಬಣ್ಣಗಳು ಮಾರುಕಟ್ಟೆಗೆ ಬಂದವು. ನೂಲಿಗೆ ಅಂಟುವ ಬದಲು ನೀರಿನೊಡನೆಯೇ ಪ್ರತಿಕ್ರಿಯಿಸಿ ಕೆಟ್ಟ ಪಾಲು ಚರಂಡಿ ಸೇರಿತು. ಕೊಳೆ ನೀರಿಗೆ ಗಾಳಿ ಊದಿ ಬ್ಯಾಕ್ಟೀರಿಯಾಗಳಿಂದ ಶುದ್ಧಿಮಾಡುವ ಮಾಮೂಲಿ ತೊಟ್ಟಿಗಳು ಅದರ ಮುಂದೆ ಸೋತವು. ಕಾರಣ ಕಾಣಬೇಕೆಂದರೆ ಕೆಂಪು ಬಣ್ಣ, ಬ್ಯಾಕ್ಟೀರಿಯಾ ಎರಡೂ ಇರುವ ಎರಡು ಫ್ಲಾಸ್ಕ್ ಸಾಕು. ಅಲುಗಾಡಿಸದೆ ಇಟ್ಟದ್ದು ಕೆಲವು ಗಂಟೆಗಳಲ್ಲಿ ತಿಳಿಯಾಗುತ್ತದೆ. ಶೇಕರ್ ಮೇಲಿನದು ಬಹುಪಾಲು ಕೆಂಪಾಗಿಯೇ ಇರುತ್ತದೆ. ಬ್ಯಾಕ್ಟೀರಿಯಾ ಕೊಡುವ ಎಲೆಕ್ಟ್ರಾನ್‌ಗಳನ್ನು ಆಮ್ಲಜನಕ ಮೊದಲೇ ಕಬಳಿಸುತ್ತದೆ, ಬಣ್ಣಕ್ಕೆ ಪಾಲು ಸಿಗುವುದಿಲ್ಲ.

ಸ್ವಿಟ್ಜರ್‌ಲೆಂಡಿನ ಝಿಮ್ಮರ್‌ಮನ್, ಕುಲ್ಲಾ, ಲೈಸಿಂಗರ್ 1982ರಲ್ಲಿ, ಆಮ್ಲಜನಕವಿದ್ದರೂ ಆರೆಂಜ್ II ಬಣ್ಣವನ್ನು ಒಡೆಯುವ ಕಿಣ್ವವನ್ನು ಸ್ಯೂಡೊಮೊನಾಸ್‌ನಿಂದ ಶುದ್ಧೀಕರಿಸಿದರು. ಕಿಣ್ವವೇನೋ ಸೊಗಸು, ಆದರೆ ಅದಕ್ಕೆ ಒಗ್ಗುವ ಅಣುಗಳು ಕೆಲವೇ. ಆರ್ಡರ್ ಬದಲಾದಂತೆ ಬಣ್ಣ ಬದಲಿಸುವ ಕಾರ್ಖಾನೆಗೆ ಅಷ್ಟು ಮಡಿವಂತಿಕೆ ನಡೆಯುವುದಿಲ್ಲ.

ನಿಜವಾದ ತೊಡಕು ಬಣ್ಣ ಹೋದ ಮೇಲೆ. ಕೊಂಡಿ ತುಂಡಾದರೆ ಉಳಿಯುವುದು ಆರೊಮ್ಯಾಟಿಕ್ ಅಮೀನುಗಳು. ಬಣ್ಣದ ಕಾರ್ಖಾನೆಯ ಕಾರ್ಮಿಕರಲ್ಲಿ ಮೂತ್ರಕೋಶದ ಕ್ಯಾನ್ಸರ್ ಇರುವುದನ್ನು ಫ್ರಾಂಕ್‌ಫರ್ಟ್‌ನ ಶಸ್ತ್ರವೈದ್ಯ ರೆನ್ 1895ರಲ್ಲೇ ವರದಿಮಾಡಿದ್ದರು. ಮುಂದೆ ಬೆಂಜಿಡಿನ್‌ನಂಥ ಅಮೀನುಗಳ ಮೇಲೆ ಆರೋಪ ಸಾಬೀತಾಯಿತು. ಹಾಗಾಗಿ 1991ರಲ್ಲಿ ಸ್ಟುಟ್‌ಗಾರ್ಟ್‌ನ ಕ್ನಾಕ್‌ಮುಸ್ ಮತ್ತು ಸಂಗಡಿಗರು ತೋರಿಸಿದ ದಾರಿಯೇ ಈ ಕ್ಷೇತ್ರದ ದೊಡ್ಡ ತಿರುವು ಎಂದು ನನ್ನ ಎಣಿಕೆ. ಮೊದಲು ಗಾಳಿಯಿಲ್ಲದೆ ಕೊಂಡಿ ಮುರಿಯುವುದು, ಆಮೇಲೆ ಗಾಳಿ ಕೊಟ್ಟು ಅಮೀನನ್ನು ತಿನ್ನಿಸುವುದು. ಒಂದೇ ಬ್ಯಾಕ್ಟೀರಿಯಾ ಅಲ್ಲ, ಒಂದು ಗುಂಪು ಸೇರಿ ಮಾಡಿದ ಕೆಲಸ.

ನಮ್ಮ ಪಕ್ಕದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಗೋವಿಂದವಾರ್ ಅವರ ತಂಡ ಈ ವಿಷಯದ ಮೇಲೆ ವರ್ಷಗಟ್ಟಲೆ ದುಡಿದಿದೆ. ಹತ್ತಿರದ ಇಚಲಕರಂಜಿ ಜವಳಿ ಊರು; ಅದರ ಪಂಚಗಂಗೆ ನದಿ ಕೃಷ್ಣೆಯನ್ನು ಸೇರಿ ಕರ್ನಾಟಕದ ಗಡಿಯೊಳಗೆ ಹರಿದು ಬರುತ್ತದೆ. ಒಟ್ಟಾರೆ ಈ ಕ್ಷೇತ್ರದ ಪ್ರಬಂಧಗಳ ಬಗ್ಗೆ ಒಂದು ತಕರಾರಿದೆ: ಎಷ್ಟೋ ಪ್ರಯೋಗಗಳಲ್ಲಿ ಒಂದೇ ಬಣ್ಣ, ಜೊತೆಗೆ ಬ್ಯಾಕ್ಟೀರಿಯಾಗೆ ಪುಷ್ಟಿಯ ಆಹಾರವಾಗಿ ಯೀಸ್ಟ್ ಸತ್ವ. ಮದುವೆ ಊಟ ಬಡಿಸಿ ಉಪವಾಸದ ಶಕ್ತಿಯನ್ನು ಹೊಗಳಿದ ಹಾಗೆ.

ಆದರೆ ಕಾರ್ಖಾನೆಯ ನೀರಿನಲ್ಲಿ ಕ್ಷಾರವಿರುತ್ತದೆ, ಬಿಸಿಯಿರುತ್ತದೆ, ಬಣ್ಣವನ್ನು ನೂಲಿಗೆ ಹತ್ತಿಸಲು ಸುರಿದ ಉಪ್ಪಿರುತ್ತದೆ. ತಮಿಳುನಾಡಿನ ನೊಯ್ಯಲ್ ನದಿ ಕೆಟ್ಟದ್ದರಿಂದ 2011ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿದಾಗ ಬಣ್ಣದಷ್ಟೇ ದೊಡ್ಡ ತಲೆನೋವಾಗಿದ್ದದ್ದು ಈ ಉಪ್ಪು. ಅಲ್ಲಿ ಈಗ ಬ್ಯಾಕ್ಟೀರಿಯಾ ತೊಟ್ಟಿ ಮೊದಲ ಹಂತ ಮಾತ್ರ; ಅದರಾಚೆ ಉಪ್ಪು ಸೋಸುವ ಆರ್‌ಒ ಪೊರೆ, ಆಮೇಲೆ ನೀರನ್ನು ಆವಿಯಾಗಿಸುವ ಯಂತ್ರ. ಉಪ್ಪನ್ನು ಯಾವ ಸೂಕ್ಷ್ಮಜೀವಿಯೂ ಕರಗಿಸಿ ಇಲ್ಲವಾಗಿಸದು. ಅದನ್ನು ತಾಳಿಕೊಂಡು ಬಣ್ಣ ಒಡೆಯುವ ತಳಿಗಳಿಗಾಗಿ ಸಂಶೋಧಕರು ಉಪ್ಪಿನ ಗದ್ದೆ, ಸಮುದ್ರದ ಕೆಸರುಗಳಲ್ಲಿ ಹುಡುಕುತ್ತಿದ್ದಾರೆ.