ಅಕ್ಕಿಆಲೂರಿನ ರೋಮನ್ ಚಿನ್ನ: ನಾಣ್ಯದ ಮೇಲಿನ ಚಿತ್ರ ಯಾರದು?

ಮನ್ಯಾಗ ಅಜ್ಜಿ ಕಾಲದ ಪುತಳಿ ಸರ ಇದ್ರ ಒಮ್ಮೆ ತೆಗೆದು ನೋಡ್ರಿ. ಪುತಳಿ ಅಂದ್ರ ಬೊಂಬಿ. ಇಟಲಿಯ ವೆನಿಸ್ ನಾಣ್ಯದ ಮೇಲಿನ ಮನುಷ್ಯರ ಚಿತ್ರದಿಂದ ಈ ಸರಕ್ಕೆ ಆ ಹೆಸರು. ಪರದೇಶದ ನಾಣ್ಯ ಕೊರಳಿಗೆ ಹಾಕೋ ರೂಢಿ ಮಾತ್ರ ಅದಕ್ಕಿಂತ ಎಷ್ಟೋ ಶತಮಾನ ಹಳೇದು.

ಹಾವೇರಿ ಜಿಲ್ಲೆ ಹಾನಗಲ್ ತಾಲೂಕಿನ ಅಕ್ಕಿಆಲೂರಿನಲ್ಲಿ 46 ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತ್ತು. ಹೆಚ್ಚಿನವು 5-6ನೇ ಶತಮಾನದ ರೋಮನ್ ದೊರೆಗಳ ಕಾಲದವು. ಎರಡನೇ ಥಿಯೋಡೋಸಿಯಸ್, ಒಂದನೇ ಜಸ್ಟಿನ್ ಹೆಸರೂ ಇವೆ. ಆ ಕಾಲದ ನಾಣ್ಯ ಸುಮಾರು 4.5 ಗ್ರಾಂ, ಅರ್ಧ ತೊಲಿಗೂ ಕಡಿಮೆ. ಒಂದು ಕಡೆ ಶಿರಸ್ತ್ರಾಣ ತೊಟ್ಟು, ಈಟಿ ಹೆಗಲಿಗಿಟ್ಟು ಎದುರಿಗೇ ನೋಡುವ ಚಕ್ರವರ್ತಿ. ಹಿಂದೆ ಉದ್ದನೆ ಶಿಲುಬೆ ಹಿಡಿದ ರೆಕ್ಕೆಯ ವಿಜಯದೇವತೆ. ದಕ್ಷಿಣದಲ್ಲಿ ಸಿಕ್ಕ ಇಂಥ ಅನೇಕ ನಾಣ್ಯಗಳಿಗೆ ರಾಜನ ತಲೆ ಮೇಲೆ ಎರಡು ತೂತು ಇರ್ತಾವ. ಸರದಾಗ ಪೋಣಿಸಿದ್ರ ಮುಖ ನೆಟ್ಟಗ ಕಾಣಬೇಕಲ್ಲ!

ನಮ್ಮ ಕಡೆ ಈ ಹಣ ಯಾಕ ಬಂತು? ವ್ಯಾಪಾರ. ಸೊಲ್ಲಾಪುರದಾಚೆಯ ತೇರ್ ಊರನ್ನು 1ನೇ ಶತಮಾನದ ಗ್ರೀಕ್ ಕೈಪಿಡಿ 'ಪೆರಿಪ್ಲಸ್' ತಗರ ಎನ್ನುತ್ತದೆ. ಅಲ್ಲಿನ ಬಟ್ಟೆ ಗಾಡಿ ಮೇಲೆ ಭರೂಚ್ ಬಂದರಿಗೆ ಹೋಗ್ತಿತ್ತು. ರೋಮನ್ ನಾಣ್ಯ ಅಲ್ಲಿ ಬದಲಾಯಿಸಿದ್ರ ಲಾಭ ಇತ್ತಂತ ಅದೇ ಕೈಪಿಡಿ ಬರೆದಿದೆ. ಮುದ್ದೇಬಿಹಾಳ ಸೀಮೆ ದಾಟುವ ಕೃಷ್ಣೆಯ ಕೆಳದಂಡೆಯ ನಾಗಾರ್ಜುನಕೊಂಡದಲ್ಲೂ ಟೈಬೀರಿಯಸ್, ಹೇಡ್ರಿಯನ್ ಚಿನ್ನ ಸಿಕ್ಕಿದೆ. ಟೈಬೀರಿಯಸ್ ನಾಣ್ಯದ ಹಿಂದೆ ಸಾಮಾನ್ಯವಾಗಿ ರಾಜದಂಡ, ಕೊಂಬೆ ಹಿಡಿದು ಕುಳಿತ ಹೆಣ್ಣುಮಗಳು. ಆಕೆ ಅವನ ತಾಯಿ ಲಿವಿಯಾ ಅಂತ ಬಹಳ ಮಂದಿ ಹೇಳ್ತಾರ.

ಸರಾಫರು ಗಮನಿಸಬೇಕಾದ ಒಂದು ಮಾತು: ಅಕ್ಷರ ಕೆಟ್ಟದ್ದು ಅಂದಕೂಡಲೇ ಈಗಿನ ನಕಲಿ ಅನ್ನಬ್ಯಾಡ್ರಿ. ಲ್ಯಾಟಿನ್ ಬಾರದ ನಮ್ಮ ಅಕ್ಕಸಾಲಿಗರು ಆಗಲೇ ನೋಡಿ ನೋಡಿ ಅಚ್ಚು ಹಾಕಿದ್ದರು, ಅದೂ ಚಿನ್ನದಾಗೇ. ಹಂಗಂತ "ಹೊಲದಾಗ ನಿಧಿ ಸಿಕ್ಕೈತಿ, ಅರ್ಧ ರೇಟಿಗೆ ಕೊಡ್ತೀನಿ" ಅನ್ನೋರ ಹಿಂದೆ ಹೋದ್ರ ಹಿತ್ತಾಳೆ ಗ್ಯಾರಂಟಿ.

ನಿಜವಾಗ್ಲೂ ಮಣ್ಣಾಗ ಸಿಕ್ಕರೆ ತಿಕ್ಕಬಾರದು, ಕರಗಿಸಬಾರದು. ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ಮುಚ್ಚಿಟ್ಟರೆ ಶಿಕ್ಷೆ ಇದೆ, ಸಿಗಬಹುದಾದ ಪಾಲೂ ಹೋಗುತ್ತದೆ.