ಟೆಂಡರಿನ ಸುದ್ದಿ

ಗೋಕಾಕ ಎಂದರೆ ಹೊರಗಿನವರಿಗೆ ಜಲಪಾತ, ಕರದಂಟು, ಕಟ್ಟಿಗೆಯ ಗೊಂಬೆ ನೆನಪಾಗುತ್ತವೆ. ಊರಿನವರಾದ ನಮಗೆ ಇನ್ನೊಂದು ಮಾತೂ ಅಷ್ಟೇ ಬಳಕೆಯದು: ಗುತ್ತಿಗೆ. ಘಟಪ್ರಭೆಯ ಮೇಲೆ ಧೂಪದಾಳದ ಒಡ್ಡು ಎದ್ದದ್ದು 1897ರಲ್ಲಿ. ಹುಕ್ಕೇರಿ ತಾಲೂಕಿನ ಹಿಡಕಲ್ ಅಣೆಕಟ್ಟು ಮುಗಿದದ್ದು 1977ರಲ್ಲಿ. ಇವೆರಡರ ನಡುವಿನ ಎಂಬತ್ತು ವರ್ಷಗಳಲ್ಲಿ ಈ ಸೀಮೆಯಲ್ಲಿ ಕಾಲುವೆ, ರಸ್ತೆ, ಸೇತುವೆ, ಶಾಲೆ, ಕಚೇರಿ ಎಂದು ಸರ್ಕಾರದ ಕೆಲಸ ನಡೆಯುತ್ತಲೇ ಬಂತು. ದೊಡ್ಡ ಕೆಲಸ ದೊಡ್ಡವರದು. ಕಲ್ಲು, ಸುಣ್ಣ, ಬಾಗಿಲು, ಬೆಂಚು ಇಂಥ ತುಂಡು ಕೆಲಸಗಳು ಊರವರ ಹೊಟ್ಟೆಪಾಡು.

ಅಣೆಕಟ್ಟಿನ ಚರಿತ್ರೆ ಬರೆಯುವವರು ಅದರ ಎತ್ತರವನ್ನೂ ನೀರಿನ ಅಳತೆಯನ್ನೂ ಬರೆಯುತ್ತಾರೆ. ಕೆಲಸ ಇದೆಯೆಂಬ ಸುದ್ದಿ ಯಾರಿಗೆ, ಯಾವಾಗ ತಿಳಿಯಿತೆಂಬುದನ್ನು ಬರೆಯುವುದಿಲ್ಲ. ನನಗೆ ಅದೇ ಮುಖ್ಯವೆನಿಸುತ್ತದೆ. ಸಣ್ಣ ಕಸಬುದಾರನಿಗೆ ದುಡ್ಡಿಗಿಂತ ಮೊದಲು ಬೇಕಾದ ಬಂಡವಾಳ ಸುದ್ದಿ.

1980ರ ದಶಕದಲ್ಲಿ ನಮ್ಮ ಓಣಿಯಲ್ಲೊಬ್ಬ ಬಡಿಗನಿದ್ದ. ಶಾಲೆಯ ಬೆಂಚು ಮಾಡುವುದರಲ್ಲಿ ಎತ್ತಿದ ಕೈ. ಒಂದು ಕಚೇರಿಗೆ ಬೆಂಚು ಬೇಕಾಗಿವೆಯೆಂದು ಯಾರೋ ಹೇಳಿದ್ದಕ್ಕೆ ಅಲ್ಲಿಗೆ ಹೋದ. ಜೊತೆಗೆ ನಾನೂ ಹೋಗಿದ್ದೆ. "ಸಾಹೇಬ್ರ, ನೋಟೀಸು ಯಾವಾಗ ಹಚ್ಚಿದ್ರಿ?" ಎಂದು ಕೇಳಿದ. "ಹೋದ ವಾರ ಹಚ್ಚಿದ್ವಿ, ನಿನ್ನಿ ಟೆಂಡರ್ ತೆಗದ್ವಿ" ಎಂದರು. ನೋಟೀಸು ಇದ್ದದ್ದು ಒಳಗಿನ ಪಡಸಾಲೆಯ ಹಲಗೆಯ ಮೇಲೆ. ಅಲ್ಲಿಗೆ ದಿನಾ ಹೋಗಿಬರುವವರಿಗೆ ಮಾತ್ರ ಅದು ಕಾಣುತ್ತಿತ್ತು. ದಿನಾ ಕಚೇರಿಗೆ ಹೋಗುತ್ತ ಕೂತರೆ ಬಡಿಗ ಉಳಿ ಹಿಡಿಯುವುದು ಯಾವಾಗ?

ಈ ಕತ್ತಲೆಗೆ ಮೊದಲ ಕಿಂಡಿ ಕೊರೆದದ್ದು ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆಗಾಗಿ ಕರ್ನಾಟಕ ಮಾಡಿದ 1999ರ ಕಾಯ್ದೆ. ಅದು ಜಾರಿಗೆ ಬಂದದ್ದು 2000ದ ಅಕ್ಟೋಬರಿನಲ್ಲಿ. ಟೆಂಡರುಗಳನ್ನು ಬುಲೆಟಿನ್ನಿನಲ್ಲಿ ಪ್ರಕಟಿಸಬೇಕಾಯಿತು. ಎರಡು ಕೋಟಿಯವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದಕ್ಕೂ ದೊಡ್ಡದಕ್ಕೆ 60 ದಿನ ಕಾಲಾವಕಾಶ ಕೊಡಬೇಕೆಂದು ಆಗಿನ ನಿಯಮ ಹೇಳಿತು. ಕಡಿಮೆ ಮಾಡುವುದಾದರೆ ಮೇಲಧಿಕಾರಿ ಕಾರಣ ಬರೆದಿಡಬೇಕು. "ಹೋದ ವಾರ ಹಚ್ಚಿದ್ವಿ" ಎನ್ನುವ ಮಾತಿಗೆ ಕಾಗದದ ಮೇಲಾದರೂ ಬೇಲಿ ಬಿತ್ತು.

2007ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಬಂತು. ಕಂಪ್ಯೂಟರಿನಲ್ಲಿ ಹುಡುಕಿದರೆ ಗೋಕಾಕದಲ್ಲಿ ಕೂತವನಿಗೂ ಬೀದರಿನ ಟೆಂಡರು ಕಾಣತೊಡಗಿತು. 2012ರಿಂದ ಕೇಂದ್ರದ ಇಲಾಖೆಗಳೂ ಉದ್ಯಮಗಳೂ ತಮ್ಮ ಖರೀದಿಯಲ್ಲಿ ಶೇಕಡಾ 20ನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕೆಂಬ ಆದೇಶವಾಯಿತು. 2018ರಲ್ಲಿ ಅದು ಶೇಕಡಾ 25ಕ್ಕೆ ಏರಿತು, ಅದರಲ್ಲಿ 3 ಮಹಿಳೆಯರ ಉದ್ಯಮಗಳ ಪಾಲು. ಇಂಥವರಿಗೆ ಟೆಂಡರ್ ಫಾರ್ಮು ಪುಕ್ಕಟೆ, ಇ.ಎಂ.ಡಿ. ಎಂಬ ಮುಂಗಡ ಠೇವಣಿಯೂ ಮಾಫಿ. 2016ರಲ್ಲಿ ಕೇಂದ್ರದ ಜೆಮ್ ಎಂಬ ಖರೀದಿ ತಾಣ ತೆರೆಯಿತು. ಇಂದು ಉದ್ಯಮ್ ನೋಂದಣಿಗೆ ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ.

ಇಷ್ಟಾದರೂ ನಮ್ಮ ಗೊಂಬೆಯವರ ಮನೆಗೆ ಸರ್ಕಾರದ ಕೆಲಸ ಸುಲಭವಾಗಿ ಬರುವುದಿಲ್ಲ. ಕಟ್ಟಿಗೆಯಲ್ಲಿ ಹಣ್ಣು, ಕಾಯಿಪಲ್ಯ ಮಾಡಿ ಬಣ್ಣ ಹಚ್ಚಿದರೆ ನಿಜವೋ ಸುಳ್ಳೋ ತಿಳಿಯದಂತೆ ಮಾಡುವ ಕೈ ಅವರದು. ಅಂಗನವಾಡಿ ಮಕ್ಕಳಿಗೆ ಹಣ್ಣಿನ ಹೆಸರು ಕಲಿಸಲು ಇದಕ್ಕಿಂತ ಬೇರೆ ಆಟಿಕೆ ಬೇಕೇ? 1975ರಲ್ಲಿ ಟಿ. ನರಸೀಪುರದಲ್ಲಿ ಶುರುವಾದ ಶಿಶು ಅಭಿವೃದ್ಧಿ ಯೋಜನೆ ಇಂದು ಹಳ್ಳಿಹಳ್ಳಿಗೂ ಬಂದಿದೆ. ಆಟಿಕೆಗೆ ಗುಣಮಟ್ಟದ ಮುದ್ರೆ 2021ರ ಜನವರಿಯಿಂದ ಕಡ್ಡಾಯವಾದರೂ, ಕರಕುಶಲ ಇಲಾಖೆಯಲ್ಲಿ ಹೆಸರು ಬರೆಸಿದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ.

ತೊಡಕು ಬೇರೆ ಕಡೆ ಇದೆ. ಖರೀದಿ ಸಾವಿರಗಟ್ಟಲೆ, ಒಂದು ಮನೆಯಲ್ಲಿ ದುಡಿಯುವವರು ಮೂವರು. ಹಿಂದಿನ ವರ್ಷಗಳ ವಹಿವಾಟು ತೋರಿಸೆಂದರೆ ಅವರಲ್ಲಿ ಅಷ್ಟು ಲೆಕ್ಕಪತ್ರ ಎಲ್ಲಿಯದು? ಬಿಲ್ಲು ತಡವಾದರೆ ಬಣ್ಣದಂಗಡಿಯ ಸಾಲ ಬೆಳೆಯುತ್ತದೆ. 2006ರ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ಹಕ್ಕು ತಮಗಿದೆಯೆಂದು ಬಲ್ಲವರನ್ನು ಬೆರಳೆಣಿಕೆಯಲ್ಲಿ ಹೇಳಬಹುದು.

ಕಾಲುವೆಗೆ ನೀರು ಬಿಟ್ಟ ಸುದ್ದಿ ಎಲ್ಲರಿಗೂ ತಿಳಿದಿರುತ್ತದೆ, ಕೊನೆಯಂಚಿನ ಹೊಲದವನಿಗೆ ಮಾತ್ರ ನೀರು ಮುಟ್ಟಿರುವುದಿಲ್ಲ. ಟೆಂಡರಿನ ಸುದ್ದಿಯ ಗತಿಯೂ ಇಂದು ಅದೇ. ಹತ್ತು ಮನೆಯವರು ಕೂಡಿ ಒಂದು ಸಂಘ ಕಟ್ಟಿದರೆ ಸಾವಿರ ಗೊಂಬೆಯ ಬೇಡಿಕೆಗೂ ಹೆದರಬೇಕಿಲ್ಲ. ಓದಿದ ಹುಡುಗನೊಬ್ಬ ವಾರಕ್ಕೊಮ್ಮೆ ತಾಣ ನೋಡಿ, ನಮ್ಮ ಸೀಮೆಯವರಿಗೆ ಒಗ್ಗುವ ಟೆಂಡರುಗಳನ್ನೂ ಅವುಗಳ ಕೊನೆಯ ದಿನಾಂಕಗಳನ್ನೂ ದಪ್ಪ ಅಕ್ಷರದಲ್ಲಿ ಬರೆದು ಸಂತೆಪೇಟೆಯಲ್ಲಿ ಹಚ್ಚಲಿ. ಇದಕ್ಕೆ ಸರ್ಕಾರದ ಅಪ್ಪಣೆಯೇನೂ ಬೇಕಾಗಿಲ್ಲ.