ಸೊಲ್ಲಾಪುರದ ಬೀಡಿ ಹೆಂಗಸರು ಪಡೆದ ಮನೆಗಳು

ಬೀಡಿ ಕಟ್ಟಿ ಸಂಸಾರ ತೂಗಿಸಿದ ಉಮ್ಮಂದಿರು ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿದ್ದಾರೆ. ಸೊಲ್ಲಾಪುರದಲ್ಲಿ ಇಂಥ ಹೆಂಗಸರೇ ಸೇರಿ ಒಂದು ಊರನ್ನೇ ಎಬ್ಬಿಸಿದ್ದಾರೆ.

ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಆ ನಗರದಲ್ಲಿ ಬೀಡಿ ಕಾರ್ಮಿಕರಿಗಿದ್ದದ್ದು ಗುಡಿಸಲು, ಇಲ್ಲವೇ ಬಾಡಿಗೆಯ ಇಕ್ಕಟ್ಟು ಕೋಣೆ. ಒಬ್ಬೊಬ್ಬರಾಗಿ ಹೋದರೆ ಯಾವ ಬ್ಯಾಂಕು ಸಾಲ ಕೊಡುತ್ತೆ? ಮಾಜಿ ಶಾಸಕ, ಸಿಐಟಿಯು ನಾಯಕ ನರಸಯ್ಯ ಆಡಂ ಮುಂದಾಳತ್ವದಲ್ಲಿ ಅವರು ಗೋದೂತಾಯಿ ಪರುಳೇಕರ್ ಹೆಸರಿನ ಮಹಿಳಾ ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿದರು. ನಗರದ ಹೊರಗಿನ ಕುಂಭಾರಿಯಲ್ಲಿ ಜಾಗ ಗೊತ್ತಾಯಿತು. ಕೇಂದ್ರ, ರಾಜ್ಯಗಳ ಸಹಾಯಧನಕ್ಕೆ ಹೆಂಗಸರು ತಮ್ಮ ಪಾಲನ್ನೂ ಹಾಕಿದರು. ವರ್ಷಗಟ್ಟಲೆ ಧರಣಿ, ಮೆರವಣಿಗೆ ನಡೆದ ಮೇಲೆ, 2006ರಲ್ಲಿ ಸುಮಾರು 10,000 ಮನೆಗಳು ಕೈಗೆ ಬಂದವು.

ಅಲ್ಲಿಗೇ ನಿಲ್ಲಲಿಲ್ಲ. ಅದೇ ಕುಂಭಾರಿಯಲ್ಲಿ ‘ರೇ ನಗರ’ ಎದ್ದಿತು. ಬೀಡಿ, ಮಗ್ಗದ ಕೆಲಸದವರು, ಚಿಂದಿ ಆಯುವವರು, ಚಾಲಕರಿಗಾಗಿ 30,000 ಮನೆಗಳ ಯೋಜನೆ ಇದು. 2024ರ ಜನವರಿಯಲ್ಲಿ 15,000 ಮನೆಗಳು ಹಸ್ತಾಂತರವಾದವು. ಪ್ರಧಾನಮಂತ್ರಿ ಆವಾಸ್ ಯೋಜನೆಯಡಿ ಮನೆಯೊಂದಕ್ಕೆ ಕೇಂದ್ರ ಒಂದೂವರೆ ಲಕ್ಷ, ರಾಜ್ಯ ಒಂದು ಲಕ್ಷ ರೂಪಾಯಿ ಕೊಡುತ್ತೆ. ಉಳಿದದ್ದನ್ನು ಕಾರ್ಮಿಕರೇ ಹೊಂದಿಸಬೇಕು.

ಮನೆ ಉಳಿಸಿಕೊಳ್ಳೋದು ಬೇರೆಯೇ ಕಷ್ಟ. ಬೀಡಿ ಕೆಲಸ ಕಡಿಮೆಯಾದರೆ ಸಾಲದ ಕಂತು ತಪ್ಪುತ್ತೆ. ನಗರಕ್ಕೆ ಹೊತ್ತಿಗೆ ಸರಿಯಾಗಿ ಬಸ್ ಸಿಗದಿದ್ದರೆ ದಿನದ ಕೂಲಿಯೇ ತಪ್ಪುತ್ತೆ.